ಕೌದಿ ಹೊಲಿಯುವ ಕುಲ್ಸುಮಬಿ

ಮಗಳು ಅರುಣಾ ಹೆರಿಗೆಗೆಂದು ತವರಿಗೆ ಬಂದ ವರ್ಷ ದ್ರಾಕ್ಷಾಯಿಣಿ ಕುಲ್ಸುಮಬಿಯ ಹೆಸರನ್ನು ಮೊದಲು ಕೇಳಿದಳು. ರಾಣೆಬೆನ್ನೂರಿನ ಓಣಿಯ ನಳಕ್ಕೆ ಕೊಡ ಹಚ್ಚಿ ನಿಂತಾಗ ನೆರೆಮನೆಯ ಹೊಳಿಯವ್ವ ಹೇಳಿದಳು: "ಅಂಗಡಿ ರಗ್ಗು ತರಬ್ಯಾಡವಾ, ಮೈ ಕಡೀತೈತಿ. ಕುಲ್ಸುಮಬಿ ಕಡಿಂದ ಕೌದಿ ಹೊಲಿಸು. ಆಕಿ ಹೊಲಿಗಿ ಟಾಕಾ ಅಂದ್ರ ಇರಿವಿ ಸಾಲು ಹೋದಂಗ. ಬಾಯಿ ಮಾತ್ರ ಮೆಣಸಿನಕಾಯಿ. ಬ್ಯಾಡಗಿದಲ್ಲ ಮತ್ತ, ಗುಂಟೂರಿಂದು!"

ಹೇಳಿ ಕಳಿಸಿದ ಮರುದಿನವೇ ಮುದುಕಿ ಕುಲ್ಸುಮಬಿ ಬಂದಳು. ಗಂಡ ತೀರಿದಾಗಿನಿಂದ ಸೂಜಿಯನ್ನೇ ನಂಬಿ ಬದುಕಿದವಳು; ಕೆಲಸವಿಲ್ಲದ ಮನೆಯಲ್ಲಿ ಚಹಾ ಸಹ ಮುಟ್ಟದವಳು. ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು, "ಹಳೇ ನೂಲಿನ ಸೀರಿ ತರ್ರಿ ಅಕ್ಕಾರ" ಅಂದಳು.

ದ್ರಾಕ್ಷಾಯಿಣಿ ಟ್ರಂಕನ್ನೇ ಬೋರಲು ಹಾಕಿದಳು. ನೂಲಿನದು ಒಂದೂ ಇರಲಿಲ್ಲ. ತಗಡಿನ ಮನೆ ಹೋಗಿ ಆರ್‌ಸಿಸಿ ಮನೆಯಾಗಿತ್ತು, ಗ್ಯಾಸು ಬಂದಿತ್ತು, ಬಣ್ಣದ ಟಿವಿ ಬಂದಿತ್ತು. ಅವುಗಳ ಹಿಂದೆಯೇ ಮಿರುಗುವ ಪಾಲಿಯೆಸ್ಟರ್ ಸೀರೆಯೂ ಬಂದಿತ್ತು. ಲಗೂ ಒಣಗುತ್ತದೆ, ಹರಿಯುವುದಿಲ್ಲ. ಓಣಿಗೆಲ್ಲ ಅದೇ ಬೇಕು.

"ಇವು ಜಾರತಾವ್ರಿ. ಇವು ಬ್ಯಾಡ."

"ಇದ್ದಿದ್ದು ಇವ ನೋಡು ಕುಲ್ಸುಮವ್ವಾ. ನಿನ್ನ ಕೌದಿ ಸಲುವಾಗಿ ನಾವು ಬಡವರಾಗೇ ಇರಬೇಕೇನ?"

ಮುದುಕಿ ನಕ್ಕುಬಿಟ್ಟಳು. "ಇರಬ್ಯಾಡ್ರಿ. ಆದರ ಮನ್ಯಾಗ ಒಂದ್ ಹರಕ ಸೀರಿ ಇಲ್ಲದ ಸಾವಕಾರ್ತಿನ್ನ ಇವತ್ತ ನೋಡಿದೆ."

ಕೊನೆಗೆ ಆ ಸೀರೆಗಳನ್ನೇ ಹೊಲಿದಳು. ಕೊನೆಯ ಮೂಲೆ ಮುಚ್ಚುವ ಮುನ್ನ ಹೋಳಿಗೆಯ ಚೂರೊಂದನ್ನು ಒಳಗಿಟ್ಟು, "ಕೌದಿ ಹೊಟ್ಟಿನೂ ತುಂಬಬೇಕ್ರಿ" ಅಂದಳು.

ಬಾಣಂತಿಯ ಹೊರಸಿನ ಕೆಳಗೆ ಕೆಂಡದ ಶೇಗಡಿ ಇಡುವುದು ರೂಢಿ. ತಲೆತಲಾಂತರದಿಂದ ಕೌದಿ ಅಂದರೆ ನೂಲೇ. ಕಿಡಿ ಬಿದ್ದರೆ ಕಮಟು ವಾಸನೆ ಬರುತ್ತದೆ, ಯಾರಾದರೂ ಎಳೆದು ಹಾಕುತ್ತಾರೆ. ಈ ಪಾಲಿಯೆಸ್ಟರ್ ಹಾಗಲ್ಲ ಎಂಬುದು ಇಬ್ಬರಿಗೂ ಹೊಳೆಯಲೇ ಇಲ್ಲ. ಜೋತುಬಿದ್ದ ಅಂಚು ಕೆಂಡಕ್ಕೆ ತಾಗಿ, ಬೆಲ್ಲದ ಪಾಕದಂತೆ ಕರಗಿ ಅರುಣಾಳ ಹಿಮ್ಮಡಿಗೆ ಅಂಟಿತು. ಕೂಸು ಉಳಿಯಿತು. ಅರುಣಾಳ ಚರ್ಮ ಮಾತ್ರ ಅರಿವೆಯ ಜೊತೆಗೇ ಕಿತ್ತು ಬಂತು.

'ಕುಲ್ಸುಮಬಿ ಕೌದಿ ಬಾಣಂತಿನ್ನ ಸುಟ್ಟಿತು' ಎಂದು ಓಣಿ ಆಡಿಕೊಂಡಿತು.

"ಸೀರಿ ಕೊಟ್ಟಾಕಿ ನಾನು! ಆಕಿ ಬ್ಯಾಡ ಅಂದಿದ್ಲು" ಎಂದು ದ್ರಾಕ್ಷಾಯಿಣಿ ಕಂಡಕಂಡವರಿಗೆ ಹೇಳಿದಳು.

"ಖರೇ ಇರಬಹುದವಾ" ಅಂದಳು ಹೊಳಿಯವ್ವ. "ಆದರ ಎಲ್ಲಾರ ಟ್ರಂಕಿನ್ಯಾಗೂ ಈಗ ಅವ ಸೀರಿ. ಯಾರ ಹೊಲಿಸ್ತಾರ?"

ಯಾರೂ ಹೊಲಿಸಲಿಲ್ಲ. ಮುದುಕಿ ಬ್ಯಾಡಗಿಯ ಬಸ್ಸು ಹತ್ತಿ ಮೆಣಸಿನಕಾಯಿಯ ತೊಟ್ಟು ಮುರಿಯಲು ಹೋದಳು. ಬೆರಳಿಗೆ ಬೆಂಕಿ, ಕಣ್ಣಿಗೆ ಬೆಂಕಿ. ಹರೆಯದ ಹೆಂಗಸರ ಸರಿಸಮ ಕೈ ಓಡಲಿಲ್ಲ. ದ್ರಾಕ್ಷಾಯಿಣಿ ರೊಟ್ಟಿ ಕಟ್ಟಿ ಕಳಿಸಿದರೆ ಗಂಟು ಬಿಚ್ಚದೆ ತಿರುಗಿ ಬಂತು: "ಕೆಲಸ ಹೇಳ್ರಿ, ತಿಂತೇನಿ." ಏನು ಹೇಳಬೇಕು? ಮನೆಯಲ್ಲಿ ಹೊಲಿಸುವಂಥದ್ದು ಏನೂ ಇರಲಿಲ್ಲ.

ಮೆಣಸಿನಕಾಯಿ ಗೋದಾಮಿನವರೂ ಬೇಡವೆಂದ ದಿನ ಆಕೆ ಹಿತ್ತಲ ಬಾಗಿಲಿಗೆ ಬಂದಳು. ಆ ಓಣಿಗೆ ಆಕೆ ಬಂದದ್ದು ಅದೇ ಕೊನೆ; ಆಮೇಲೆ ಯಾರೂ ಆಕೆಯನ್ನು ಅಲ್ಲಿ ಕಾಣಲಿಲ್ಲ. ಬೆರಳು ಬಾತು ಮಡಚುವಂತಿರಲಿಲ್ಲ. ಒಳಗೆ ಬಾ ಎಂದರೆ ಹೊಸಿಲು ದಾಟಲಿಲ್ಲ.

"ಕುಂದ್ರು ಕುಲ್ಸುಮವ್ವಾ, ಮೊದಲ ಉಣ್ಣು."

"ಉಣ್ಣಾಕ ಬಂದಿಲ್ರಿ ಅಕ್ಕಾರ." ತಲೆಯ ಮೇಲಿನ ಸೆರಗನ್ನು ಮುಂದಕ್ಕೆ ಎಳೆದುಕೊಂಡಳು. "ಒಳಗ ಬರಂಗಿಲ್ಲ, ಒಳಗಿಂದು ಏನೂ ಮುಟ್ಟಂಗಿಲ್ಲ. ಇಲ್ಲೇ ಹಿತ್ತಲದಾಗ ಕುಂತು ಭಾಂಡೆ ತಿಕ್ಕಿ ಹೋಗತೇನಿ. ಇಟ್ಕೋತೀರೇನ್ರಿ?"