ಸಿನಿಮಾದಲ್ಲಿ ನನ್ನ ಮಾತು ಕೇಳಿದ ಮಧ್ಯಾಹ್ನ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ತಮಗಾದ ವಿಚಿತ್ರ ಅನುಭವ ಎಂದು ಯಾರಾದರೂ ಬರೆದದ್ದು ಕಣ್ಣಿಗೆ ಬಿದ್ದರೆ ನಾನು ಪೆನ್ನು ಹಿಡಿದುಕೊಂಡೇ ಓದುತ್ತಿದ್ದವನು. ಅಂಚಿನಲ್ಲಿ ಪ್ರಶ್ನೆ ಗೀಚುತ್ತಿದ್ದೆ. ಸಾಕ್ಷಿ ಯಾರು? ಹೇಳುವವರು ಅವತ್ತು ಸರಿಯಾಗಿ ಉಂಡಿದ್ದರೋ, ಮಲಗಿದ್ದರೋ? ಇದನ್ನು ಹೇಳಿಕೊಂಡರೆ ಅವರಿಗೇನು ಲಾಭ? ಈ ಬರಹದ ಅಂಚಿನಲ್ಲಿ ನೀವೂ ಹಾಗೇ ಗೀಚಿದರೆ ನನಗೆ ಬೇಸರವಿಲ್ಲ, ನಾನೇ ಎಷ್ಟೋ ಸಲ ಗೀಚಿ ನೋಡಿದ್ದೇನೆ. ಕೊನೆಯ ಪ್ರಶ್ನೆಗಷ್ಟೇ ಉತ್ತರ ಕೊಡಬಲ್ಲೆ. ಲಾಭವೇನೂ ಇಲ್ಲ, ಇದ್ದ ಮಾನವೂ ಹೋಗುತ್ತದೆ.

ನಾಲ್ಕು ವರ್ಷದ ಹಿಂದಿನ ಮಾತು. ಆಗ ಬಾಗಲಕೋಟೆಯಲ್ಲಿ ಎಂ.ಎ. ಓದುತ್ತಿದ್ದೆ. ಓದಿದ್ದಕ್ಕಿಂತ ಊರೂರಿನ ಚರ್ಚಾಸ್ಪರ್ಧೆಗೆ ಅಲೆದದ್ದೇ ಹೆಚ್ಚು. ಆ ಸ್ಪರ್ಧೆಗಳ ರೀತಿ ನಿಮಗೆ ಗೊತ್ತಿರಬಹುದು. ಡಬ್ಬಿಯಿಂದ ಚೀಟಿ ಎತ್ತಬೇಕು, ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ನನಗೆ ಯಾವುದು ಬಂದರೂ ಒಂದೇ. ವರದಕ್ಷಿಣೆಯ ಮೇಲೆ ಮಾತಾಡು ಎಂದರೆ ಎರಡೂ ಪಕ್ಷಕ್ಕೆ ಚಪ್ಪಾಳೆ ಗಿಟ್ಟಿಸುತ್ತಿದ್ದೆ. ಗೆದ್ದ ಪರ್ಯಾಯ ಪಾರಿತೋಷಕಗಳು ಕಾಲೇಜಿನ ಕಪಾಟಿನಲ್ಲಿ ಸಾಲಾಗಿ ಕೂತಿದ್ದವು. ನನ್ನದು ಎನ್ನುವ ಪಕ್ಷ ಯಾವುದೂ ಇಲ್ಲ ಎಂಬುದೇ ನನ್ನ ಹೆಮ್ಮೆಯಾಗಿತ್ತು.

ನಮ್ಮದು ಇಳಕಲ್ಲಿನ ನೇಕಾರರ ಮನೆ. ಅಪ್ಪ ಈಗಲೂ ಕೈಮಗ್ಗದಲ್ಲೇ ಸೀರೆ ನೇಯುತ್ತಾನೆ. ನನಗಿಂತ ಮೂರು ವರ್ಷ ದೊಡ್ಡವಳಾದ ಅಕ್ಕ ನವನಗರದ ಒಂದು ದವಾಖಾನೆಯಲ್ಲಿ ರಕ್ತ ಪರೀಕ್ಷೆಯ ಕೆಲಸ ಮಾಡುತ್ತಾಳೆ. ಶನಿವಾರ ಸಂಜೆ ಬಸ್ಸು ಹತ್ತಿ ಇಳಕಲ್ಲಿಗೆ ಬಂದು ಸೋಮವಾರ ಬೆಳಿಗ್ಗೆ ಹೋಗುವುದು ಅವಳ ರೂಢಿ. ಅವಳು ಮಾತು ಕಡಿಮೆಯವಳು. ಮನೆಯ ಮಾತೆಲ್ಲ ನನ್ನ ಪಾಲಿಗೆ ಬಂದಿತ್ತು.

ನಾನೂ ಊರಿಗೆ ಬಂದಿದ್ದ ಒಂದು ಭಾನುವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ಚಹಾ ಕುದಿಸುತ್ತ ಅವಳು ನನಗೊಂದು ವಿಷಯ ಹೇಳಿದಳು. ದಸರೆ ಮುಗಿದ ಮೇಲಿನ ಒಂದು ಶನಿವಾರ, ಬಾಗಲಕೋಟೆಯ ಬಸ್ಸಿನಲ್ಲಿ ಯಾರೋ ಕಿಟಕಿಯಿಂದ ಟವೆಲ್ಲು ಎಸೆದು ಹಿಡಿದಿಟ್ಟಿದ್ದ ಸೀಟಿನ ಮೇಲೆ ಅವಳು ನೋಡದೆ ಕೂತುಬಿಟ್ಟಿದ್ದಳು. ಟವೆಲ್ಲಿನ ಯಜಮಾನ ಹತ್ತಿ ಬಂದ. ಐಹೊಳೆಯಲ್ಲಿ ಪ್ರವಾಸಿಗರಿಗೆ ಗುಡಿ ತೋರಿಸುವ ಗೈಡ್, ಹೆಸರು ಮಾಳಪ್ಪ.

"ಜಗಳಾ ತಗೀತಾನ ಅನಕೊಂಡ್ನಿ. 'ನನ್ನ ಟಾವೆಲ್‌ಗೆ ಭಾಳ ಮರ್ಯಾದಿ ಸಿಕ್ಕಿತು ಬಿಡ್ರಿ' ಅಂದು ನಿಂತ. ಮುಂದ ಬಾಜೂದಾಕಿ ಇಳದಳು, ಅಂವ ಕುಂತ. ಅಮೀನಗಡದಾಗ ಇಳಿಯಾಂವ, ಮಾತಾಡಕೋತ ಹುನಗುಂದದ ತನಕ ಬಂದ. ಅಲ್ಲೂ ಇಳೀಲಿಲ್ಲ, ಇಳಕಲ್ಲಿಗೇ ಬಂದ. ಮತ್ತ ಅದೇ ಬಸ್ಸಿಗೆ ಹೊಳ್ಳಿ ಹೋದ."

"ಟಿಕೀಟು?" ಅಂದೆ ನಾನು.

"ಮೂರು ಸಲ ತಗಿಸಿದ. ಕಂಡಕ್ಟರ್ ನಗಾಕತ್ತಿದ್ದ." ಅಕ್ಕನೂ ನಕ್ಕಳು. "ಮುಂದಿನ ಶನಿವಾರ ಬಾಗಲಕೋಟ್ಯಾಗ ಏನೂ ಕೆಲಸ ಇರಲಾರದ ಬಂದಿದ್ದ. ಅದರ ಮುಂದಿನ ಶನಿವಾರನೂ. ತಮ್ಮಾ, ನಾ ಇಷ್ಟು ಮಾತಾಡಾಕಿ ಅಂತ ನನಗ ಗೊತ್ತಿರ್ಲಿಲ್ಲೋ."

ಮಾಳಪ್ಪನ ಮನೆಯವರು ಬೀರಪ್ಪನ ಒಕ್ಕಲಿನ ಕುರುಬರು, ನಾವು ನೇಕಾರರು. ಅಪ್ಪ ಸುಲಭಕ್ಕೆ ಒಪ್ಪುವವನಲ್ಲ. ಅದಕ್ಕೇ ಅವಳು ನನ್ನ ಹತ್ತಿರ ಬಂದಿದ್ದಳು. "ಅಪ್ಪನ ಮುಂದ ನನಗ ಬಾಯಿ ಬರೂದಿಲ್ಲ. ನನ್ನ ಪರವಾಗಿ ನೀ ಮಾತಾಡು. ನಿನ್ನ ಮಾತಿಗೆ ಅಂವನೂ ಅಂಜ್ತಾನ," ಎಂದಳು. ಹುಟ್ಟಿದಾಗಿನಿಂದ ಅವಳು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು.

ನಾನೇನು ಮಾಡಿದೆ? "ಮೊದಲು ನಾ ವಿರೋಧ ಪಕ್ಷ ಆಗ್ತೇನಿ, ನನಗ ಉತ್ತರ ಕೊಡು ನೋಡೂನು," ಎಂದೆ. ತಾಲೀಮು ಎಂದೇ ಶುರು ಮಾಡಿದ್ದು, ಅಷ್ಟನ್ನು ನಂಬಿ. ಜಾತಿಯ ಮಾತು ಎತ್ತಲಿಲ್ಲ, ನಾನು ವಿಚಾರವಂತ ನೋಡಿ. ಆಕಸ್ಮಿಕದ ಮೇಲೆ ಹೋದೆ. "ಬಸ್ಸಂದಮ್ಯಾಲ ಯಾರರೆ ಒಬ್ಬರು ಬಾಜೂಕ ಕೂಡಾವ್ರೇ. ಅದರಾಗ ವಿಶೇಷ ಏನೈತಿ? ಅವತ್ತು ಆ ಟಾವೆಲ್ ಒಬ್ಬ ಎಮ್ಮಿ ವ್ಯಾಪಾರಿದಾಗಿದ್ರ ಅಂವನ್ನ ಮದಿವಿ ಆಗ್ತಿದ್ದೇನು?" ಅಕ್ಕ ಏನೋ ಹೇಳಲು ಹೋದಳು, ತಡೆದೆ. "ನೀ ಅವನನ್ನ ಮೆಚ್ಚಿಲ್ಲ. ಮಾತಾಡೋ ನಿನ್ನನ್ನ ನೀನೇ ಮೆಚ್ಚಿದಿ. ಅದಕ್ಕ ಗಂಡ ಯಾಕ ಬೇಕು, ಕನ್ನಡಿ ಸಾಕು." ಬೆರಳು ಮಡಚಿ ಮಡಚಿ ಹೇಳಿದೆ. ತಾಲೀಮು ಯಾವ ಬೆರಳಿಗೆ ಮುಗಿದು ನಿಜವಾದ ವಾದ ಯಾವ ಬೆರಳಿಗೆ ಶುರುವಾಯಿತೋ ನನಗೆ ತಿಳಿಯಲಿಲ್ಲ.

"ಆತು ಬಿಡು. ನೀ ಹೇಳೂದೂ ಖರೇನೇ ಇರಬೇಕು," ಎಂದು ಅಕ್ಕ ನನ್ನ ಕಪ್ಪಿನಲ್ಲಿದ್ದ ಚಹಾವನ್ನು ಹೊಳ್ಳಿ ಪಾತ್ರೆಗೆ ಸುರಿದು ತಟ್ಟೆ ಮುಚ್ಚಿದಳು. ಆರಿದೆಯೆಂದು ಬಿಸಿ ಮಾಡುತ್ತಾಳೆ ಅಂದುಕೊಂಡು ನಾನು ಪೇಪರ್ ತೆಗೆದುಕೊಂಡೆ. ನನ್ನ ನೆನಪು ಅಲ್ಲಿಗೆ ಮುಗಿಯುತ್ತದೆ. ಈ ಸಾಲನ್ನು ದಯವಿಟ್ಟು ಗಮನದಲ್ಲಿಡಿ.

ಆಮೇಲೆ ಅಕ್ಕ ಆ ಮಾತೆತ್ತಲಿಲ್ಲ. ಸಮಸ್ಯೆ ತಾನಾಗಿ ಬಗೆಹರಿಯಿತು ಎಂದು ನಾನೂ ಮರೆತೆ.

ಮೂರು ತಿಂಗಳ ಮೇಲೆ, ಸಿನಿಮಾಗಳು ಯುವಜನರ ದಾರಿ ತಪ್ಪಿಸುತ್ತವೆ ಎಂಬ ವಿಷಯದ ಮೇಲೆ ಒಂದು ಸ್ಪರ್ಧೆ ಬಂತು. ಮಸಾಲೆ ಬೇಕಲ್ಲ, ನೋಟ್‌ಬುಕ್ಕು ಹಿಡಿದು ಬಾಗಲಕೋಟೆಯಲ್ಲಿ ಒಬ್ಬನೇ ಮ್ಯಾಟಿನಿಗೆ ಹೋದೆ. ಸಿನಿಮಾದ ಹೆಸರು ಬರೆಯುವುದಿಲ್ಲ. ಮದುವೆಯ ಜವಳಿಗೆಂದು ಹೊರಟ ಹುಡುಗಿ ತಪ್ಪು ಬಸ್ಸು ಹತ್ತುತ್ತಾಳೆ. ಬ್ಯಾಂಡ್ ಕಂಪನಿಯ ದೊಡ್ಡ ಡ್ರಮ್ಮು ಹೊತ್ತುಕೊಂಡು ಹೊರಟ ಹುಡುಗ ಸಿಗುತ್ತಾನೆ. ಇಬ್ಬರೂ ಊರೂರು ಅಲೆದು ತಾವು ಯಾರೆಂದು ಕಂಡುಕೊಳ್ಳುತ್ತಾರೆ. ಬಾದಾಮಿಯಲ್ಲಿ ಮಂಗವೊಂದು ಡ್ರಮ್ಮಿನ ಕೋಲು ಕಸಿದುಕೊಂಡು ಗುಹೆಯ ಮೆಟ್ಟಿಲು ಹತ್ತಿದಾಗ ಇಡೀ ಥಿಯೇಟರು "ಏ, ನಮ್ಮ ಬಾದಾಮಿ ಲೇ!" ಎಂದು ಶಿಳ್ಳೆ ಹೊಡೆಯಿತು. ನಾನು 'ಆಕಸ್ಮಿಕ: ಸೋಮಾರಿ ಕತೆಗಾರನ ಊರುಗೋಲು' ಎಂದು ಬರೆದುಕೊಂಡೆ.

ಮಧ್ಯಂತರದ ನಂತರ ಹುಡುಗಿ ಮನೆಗೆ ಬರುತ್ತಾಳೆ. ಮನೆ ಹಿಟ್ಟಿನ ಗಿರಣಿಗೆ ಅಂಟಿಕೊಂಡಿದೆ, ಒಳಗೆ ಅವಳ ತಂದೆ ಗಿರಣಿ ನಡೆಸುತ್ತಿದ್ದಾನೆ. ಚಹಾ ಮಾಡುತ್ತ ಅವಳು ತಮ್ಮನಿಗೆ ಎಲ್ಲ ಹೇಳಿ, "ನಾನು ಇಷ್ಟೊಂದು ಮಾತಾಡುವವಳು ಅಂತ ನನಗೇ ಗೊತ್ತಿರಲಿಲ್ಲ ಕಣೋ," ಎನ್ನುತ್ತಾಳೆ. ನನ್ನ ಪೆನ್ನು ನಿಂತಿತು. ತಮ್ಮ, ಕನ್ನಡಕದ ಹುಡುಗ, ಬೆರಳು ಮಡಚಲು ಶುರು ಮಾಡಿದ. "ಬಸ್ಸು ಅಂದಮೇಲೆ ಯಾರಾದರೂ ಪಕ್ಕದಲ್ಲಿ ಕೂರಲೇಬೇಕು. ಅವತ್ತು ಎಮ್ಮೆ ವ್ಯಾಪಾರಿ ಕೂತಿದ್ದರೆ ಅವನನ್ನ ಮದುವೆ ಆಗ್ತಿದ್ದೆಯಾ?"

ಥಿಯೇಟರು ಬಿದ್ದು ಬಿದ್ದು ನಕ್ಕಿತು. ಎಮ್ಮೆ ವ್ಯಾಪಾರಿಯ ಮಾತಿಗಲ್ಲ, ಆ ಹುಡುಗನಿಗೆ. ಅವನು ಮೂಗಿನ ಮೇಲಿನ ಕನ್ನಡಕ ಏರಿಸಿ ಕನ್ನಡಿಯ ಮಾತನ್ನೂ ಹೇಳಿದ. ನನ್ನದೇ ಮಾತು, ಅದೇ ಕ್ರಮದಲ್ಲಿ, ಬೆಂಗಳೂರಿನ ಕನ್ನಡದಲ್ಲಿ. ಹಿಂದಿನ ಸಾಲಿನ ಹೆಂಗಸೊಬ್ಬಳು "ಏನ್ ಶಾಣ್ಯಾ ಅದಾನವಾ ಇಂವ! ಇಂವನ ಬಾಯಾಗ ಮಣ್ಣ ಹಾಕ," ಎಂದಳು. ಅವಳ ಬಾಜೂದಾಕೆ "ಇಂಥಾವ ಮನಿಗೊಬ್ಬ ಇರ್ತಾನ ಬಿಡವಾ," ಎಂದಳು. ನಾನು ನೋಟ್‌ಬುಕ್ಕು ಮುಚ್ಚಿದೆ.

ತೆರೆಯ ಮೇಲಿನ ಹುಡುಗಿ ತಮ್ಮನ ಕಪ್ಪಿನ ಚಹಾವನ್ನು ಪಾತ್ರೆಗೆ ಸುರಿದಳು. ಜನ ಮತ್ತೆ ನಕ್ಕರು. ಅಕ್ಕ ಅಂದು ಹಾಗೆ ಸುರಿದದ್ದು ಬಿಸಿ ಮಾಡಲಿಕ್ಕಲ್ಲ, ನನಗೆ ಕೊಡಲು ಮನಸ್ಸಾಗದೆ ಎಂದು ತಿಳಿದದ್ದು ಆ ನಗುವಿನಲ್ಲಿ. ಆಮೇಲೆ ಹುಡುಗಿ ಹಿಂದಿನ ಪಡಸಾಲೆಗೆ ಹೋಗಿ ಫೋನ್ ಹಚ್ಚಿದಳು. ಆ ಕಡೆಯಿಂದ "ಹಲೋ, ಹಲೋ" ಎಂದು ಹುಡುಗನ ದನಿ ಬಂತು. ಅವಳು ಮಾತಾಡಲಿಲ್ಲ. ಕೈ ಚಾಚಿ ಫೋನನ್ನು ಗಿರಣಿಯ ಸದ್ದಿನ ಕಡೆ ಹಿಡಿದಳು. ಥಿಯೇಟರಿನ ನಗು ಒಮ್ಮೆಲೇ ನಿಂತಿತು. ಕ್ಯಾಮೆರಾ ಮೆಲ್ಲಗೆ ಬಾಗಿಲಿನ ಕಡೆ ಹೊರಳುವುದು ಕಂಡಿತು. ಅಷ್ಟರಲ್ಲಿ ನಾನು ತಲೆ ತಗ್ಗಿಸಿದ್ದೆ. ಮುಂದಿನದು ನೋಡಲಿಲ್ಲ, ಕತ್ತಲೆಯಲ್ಲಿ ಜನರ ಕಾಲು ತುಳಿಯುತ್ತ ಎದ್ದು ಬಂದೆ.

ಹೊರಗೆ ಬಿಸಿಲು ರಣರಣ ಹೊಡೆಯುತ್ತಿತ್ತು. ನಿಂತಲ್ಲೇ ವಾದ ಕಟ್ಟಲು ಶುರು ಮಾಡಿದೆ. ಮನೆಯ ಮಾತು ಸಿನಿಮಾದವರಿಗೆ ಮುಟ್ಟಿರಬಹುದೇ? ಇಲ್ಲ. ಮರುದಿನ ಬಾದಾಮಿಗೆ ಹೋಗಿ ವಿಚಾರಿಸಿದೆ, ಸಿನಿಮಾದವರು ಇಳಿದುಕೊಂಡಿದ್ದ ಲಾಡ್ಜಿನ ಮ್ಯಾನೇಜರು ಅವರು ಹಿಂದಿನ ಬೇಸಿಗೆಗೇ ಇಡೀ ಸಿನಿಮಾದ ಶೂಟಿಂಗ್ ಮುಗಿಸಿ ಗಂಟುಮೂಟೆ ಕಟ್ಟಿದ್ದರೆಂದ. ಅಕ್ಕ ಮಾಳಪ್ಪನನ್ನು ಕಂಡದ್ದು ಅದರ ಮುಂದಿನ ದಸರೆಯ ಮೇಲೆ. ಕೇವಲ ಆಕಸ್ಮಿಕವೇ? ಆಕಸ್ಮಿಕಕ್ಕೆ ಬೆಲೆಯಿಲ್ಲವೆಂದು ಅಕ್ಕನ ಬಾಯಿ ಮುಚ್ಚಿಸಿದವನು ಈಗ ಅದರ ಹಿಂದೆಯೇ ಅಡಗುವುದೇ? ಉಳಿದದ್ದು ಒಂದೇ ದಾರಿ: ಸಿನಿಮಾ ನೋಡಿದ ಮೇಲೆ ನನ್ನ ನೆನಪೇ ಅದರಂತೆ ತಿದ್ದಿಕೊಂಡಿದೆ. ಇದು ಒಳ್ಳೆಯ ವಾದ, ಈಗಲೂ ನನಗೆ ಇಷ್ಟ. ಪರೀಕ್ಷಿಸಲು ಸಾಕ್ಷಿಯೂ ಇದ್ದಳು. ಅಕ್ಕ ಥಿಯೇಟರಿಗೆ ಹೋಗುವವಳೇ ಅಲ್ಲ, ಆ ಸಿನಿಮಾ ನೋಡಿರಲಿಲ್ಲ.

ನವನಗರದ ಅವಳ ಕೋಣೆಗೆ ಹೋದೆ. ಸಿನಿಮಾದ ಸುದ್ದಿ ತೆಗೆಯಲಿಲ್ಲ, ಸಾಕ್ಷಿಯ ಬಾಯಿಗೆ ಮಾತು ತುರುಕಬಾರದು ಎನ್ನುವಷ್ಟು ಎಚ್ಚರ ಆಗಲೂ ಇತ್ತು. "ಅಕ್ಕಾ, ಅವತ್ತು ನಾವು ಮಾತಾಡಿದ ಮ್ಯಾಲ ನೀ ಏನು ಮಾಡಿದಿ?" ಎಂದಷ್ಟೇ ಕೇಳಿದೆ.

ಅವಳು ನನ್ನ ಕಡೆ ತಿರುಗಿ ಕೂತಳು. "ಹಿತ್ತಲ ಪಡಸಾಲ್ಯಾಗ ಹೋಗಿ ಅಂವಗ ಫೋನ್ ಹಚ್ಚಿದ್ನಿ. ಹಲೋ ಹಲೋ ಅಂದ. ಬಾಯಿ ಬರ್ಲಿಲ್ಲ. ಅಪ್ಪ ನೇಯಾಕತ್ತಿದ್ದ, ಫೋನ್ ಮಗ್ಗದ ಕಡೆ ಹಿಡಿದ್ನಿ. ಮನಿ ದಾಟಿ ಬರಾಕ ನನ್ನ ಕಡಿಂದ ಆಗೂದಿಲ್ಲ ಅಂತ ಅಂವಗ ತಿಳೀಲಿ ಅಂತ. ತಿಳೀತು."

ಸಿನಿಮಾದಲ್ಲಿ ಕಂಡದ್ದೇ, ಗಿರಣಿಯ ಬದಲು ಮಗ್ಗ. ಅವಳು ಮುಂದುವರಿಸಿದಳು. "ಈಗ ಯಾಕ ಕೇಳ್ತಿ? ನಿನಗ ಗೊತ್ತಿದ್ದದ್ದೇ ಅಲ್ಲೇನು? ನೀ ಬಾಗಲದಾಗ ನಿಂತಿದ್ದಿ."

"ನಾನ? ನಾ ಇರ್ಲಿಲ್ಲಕ್ಕಾ."

"ಇದ್ದಿ. ಪೇಪರ್ ಕೈಯಾಗಿತ್ತು. ನಿನ್ನ ಮಾರಿ ನೋಡೇ ನಾ ಫೋನ್ ಬಂದ್ ಮಾಡಿದ್ನಿ."

"ನನ್ನ ಮಾರಿ ಹ್ಯಾಂಗಿತ್ತು?"

"ಅದನ್ನ ನನಗ ಕೇಳಬ್ಯಾಡೋ ತಮ್ಮಾ."

ಅಪ್ಪನ ಹತ್ತಿರ ಇವತ್ತೇ ಮಾತಾಡುತ್ತೇನೆ, ಕಾಲು ಹಿಡಿಯುತ್ತೇನೆ ಎಂದೆ. ಅಕ್ಕ ದನಿ ಏರಿಸದೆ ಹೇಳಿದಳು: "ಅಂವ ಹದಿನೈದು ದಿನ ಕಾದ. ಈಗ ಅಂವಗ ಸೋದರಮಾವನ ಮಗಳ ಜೋಡಿ ಲಗ್ನ ಆಗೇತಿ. ಚಂದಂಗ ಇರ್ಲಿ ಬಿಡು."

ಅಕ್ಕ ಈಗಲೂ ನವನಗರದಲ್ಲಿದ್ದಾಳೆ, ಬಂದ ವರಗಳನ್ನೆಲ್ಲ ಬೇಡವೆಂದಿದ್ದಾಳೆ. ನನ್ನ ಜೊತೆ ಮಾತುಕತೆ, ನಗು ಎಲ್ಲ ಇದೆ. ಏನನ್ನೂ ಕೇಳುವುದಿಲ್ಲ, ಅಷ್ಟೇ. ಬಸ್ ಸ್ಟ್ಯಾಂಡಿಗೆ ಬಿಡುತ್ತೇನೆ ಎಂದರೂ ನಡೆದೇ ಹೋಗುತ್ತಾಳೆ. ನಾನು ಸ್ಪರ್ಧೆಗಳನ್ನು ಬಿಟ್ಟೆ. ಪಶ್ಚಾತ್ತಾಪದಿಂದ ಅಂದುಕೊಳ್ಳಬೇಡಿ. ವೇದಿಕೆ ಹತ್ತಿ ಮೊದಲ ಬೆರಳು ಮಡಚಿದರೆ ಜನ ನಗುವುದು ಕೇಳಿಸುತ್ತದೆ.

ನಮ್ಮ ಅಡುಗೆಮನೆಯಲ್ಲಿ ನಡೆದದ್ದು, ನಡೆಯುವ ಮೊದಲೇ, ನಮ್ಮನ್ನು ಕಂಡರಿಯದ ಜನರ ಸಿನಿಮಾಕ್ಕೆ ಹೇಗೆ ಹೋಯಿತೋ ನನಗೆ ತಿಳಿದಿಲ್ಲ. ನಾನು ಆ ಬಾಗಿಲಲ್ಲಿ ನಿಂತದ್ದನ್ನು ಹೇಗೆ ಮರೆತೆನೋ ಅದೂ ತಿಳಿದಿಲ್ಲ. ಮೊದಲನೆಯದಕ್ಕೆ ನಾಳೆ ಯಾರಾದರೂ ಜಾಣರು ಕಾರಣ ಕೊಟ್ಟರೆ ಕೈಮುಗಿದು ಕೇಳುತ್ತೇನೆ. ಎರಡನೆಯದಕ್ಕೆ ಯಾರ ಹತ್ತಿರ ಹೋಗಲಿ?

ಆ ಸಿನಿಮಾ ಈಗ ಫೋನಿನಲ್ಲೇ ಸಿಗುತ್ತದೆ. ಎಲ್ಲರಿಂದ ಸಾಕ್ಷಿ ಕೇಳುತ್ತ ಬೆಳೆದವನ ಕೈಯಲ್ಲೇ ಸಾಕ್ಷಿ ಇದೆ. ಎಷ್ಟೋ ಸಲ ತೆರೆದಿದ್ದೇನೆ, ಹುಡುಗಿ ಫೋನ್ ಹಚ್ಚುವ ತನಕ ಒಮ್ಮೆಯೂ ಹೋಗಿಲ್ಲ. ಅಲ್ಲಿ ಬಾಗಿಲಲ್ಲಿ ನಿಂತ ತಮ್ಮ ಅಳುತ್ತಿದ್ದರೆ ಹೇಗೋ ಬದುಕಿಕೊಂಡೇನು. ಗೆದ್ದವನ ಹಾಗೆ ನಗುತ್ತಿದ್ದರೆ?