ಮಂಗ ಮುಟ್ಟದ ಹೋಳಿಗೆ

ಊಟದಲ್ಲಿ ಮದ್ದು ಹಾಕಿ ಗಂಡನನ್ನು ಕೈವಶ ಮಾಡಿಕೊಳ್ಳುತ್ತಾರೆ ಎಂಬ ಮಾತನ್ನು ನಾನು ಯಾವತ್ತೂ ನಂಬಿದವನಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಅಂಥ ಮಾತಾಡಿದವರ ಮುಖಕ್ಕೆ ಹೊಡೆದಂತೆ ಉತ್ತರ ಕೊಡುವುದು ನನಗೊಂದು ಚಟವೇ ಆಗಿತ್ತು. ಬದಾಮಿಯಲ್ಲಿ ಒಂದು ಮಧ್ಯಾಹ್ನ ಆ ಜಾಣತನವೆಲ್ಲ ಎಲ್ಲಿ ಹೋಯಿತೋ ತಿಳಿಯದು. ಇದನ್ನು ಬರೆಯಲು ನನಗೆ ಹೆಮ್ಮೆಯೇನೂ ಇಲ್ಲ.

ನಮ್ಮ ಭಾಗ ಇನ್ನೂ ಮುಂಬಯಿ ರಾಜ್ಯದಲ್ಲಿದ್ದ ಕಾಲ. ಬಾಗಲಕೋಟೆಯ ಮನೆಯಲ್ಲಿ ನಾನು, ನಮ್ಮ ತಾಯಿ, ಅಣ್ಣ, ಅವನ ಆರು ವರ್ಷದ ಮಗಳು ಸುಧಾ. ಸುಧಾಳನ್ನು ಹೆತ್ತವಳು ತೀರಿಕೊಂಡ ಮೇಲೆ ಅಣ್ಣ ಕಲಾದಗಿಯ ಕಡೆಯಿಂದ ಎರಡನೆಯ ಹೆಂಡತಿಯನ್ನು ತಂದಿದ್ದ. ಈ ವೈನಿಯನ್ನು ಕಂಡರೆ ನಮ್ಮ ತಾಯಿಗೆ ಆಗುತ್ತಿರಲಿಲ್ಲ. ಖರೆ ಹೇಳಬೇಕೆಂದರೆ ನನಗೂ ಆಗುತ್ತಿರಲಿಲ್ಲ. ಅವರ ತಪ್ಪೇನೆಂದು ಕೇಳಬೇಡಿ. ಬಂದ ಆರು ತಿಂಗಳಿಗೇ ಸುಧಾ ಅವರನ್ನು ‘ಅವ್ವಾ’ ಎಂದು ಕರೆಯತೊಡಗಿದ್ದಳು. ಮಗುವಿಗೂ ಮದ್ದು ಬಿದ್ದಿದೆ ಎಂದು ತಾಯಿ ಓಣಿಯೆಲ್ಲ ಹೇಳಿಕೊಂಡು ಬಂದರು.

ಅಣ್ಣನಿಗೆ ರಜೆ ಬಂತೆಂದರೆ ಪುಕ್ಕಟೆ ಊರು ನೋಡುವ ಹುಕಿ. ಟಿಕೀಟು ಕೇಳುವ ಜಾಗಕ್ಕೆ ಅವನು ಕಾಲಿಡುತ್ತಿರಲಿಲ್ಲ. ಬದಾಮಿಯಲ್ಲಿ ಗುಹೆ, ಹೊಂಡ, ಗುಡ್ಡ, ಗಾಳಿ ಎಲ್ಲವೂ ಪುಕ್ಕಟೆ, ಬುತ್ತಿ ಮನೆಯದು. ಒಂದು ದಿನ ಹೊರಗೆ ಕಳೆದರೆ ಮನೆಯ ಜಗಳ ಆರೀತು ಎಂಬ ಆಸೆಯೂ ಇದ್ದಿರಬೇಕು, ಪಾಪ. ವೈನಿ ಮುಟ್ಟಿದ್ದನ್ನು ತಿನ್ನಲಾರೆನೆಂದು ತಾಯಿ ರೊಟ್ಟಿ, ಪಲ್ಯ, ಬಾಳೆಹಣ್ಣಿನ ಬೇರೆ ಗಂಟು ಕಟ್ಟಿದರು. ವೈನಿ ನಸುಕಿನಲ್ಲೆದ್ದು ಸುಧಾಗೆ ಪ್ರೀತಿಯೆಂದು ಶೇಂಗಾ ಹೋಳಿಗೆ ಮಾಡಿ ಕೆಂಪು ವಸ್ತ್ರದಲ್ಲಿ ಕಟ್ಟಿಕೊಂಡರು. ರೈಲು ಹತ್ತಿದ ಮೇಲೆ ತಾಯಿಯೂ ನಾನೂ ಮಾತು ಬೇಡವೆಂದು ನಿದ್ದೆ ಹೊಡೆದೆವು.

ಬದಾಮಿಯ ಮಂಗಗಳನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ಕೈಯಲ್ಲಿದ್ದುದು ಬಿಡಿ, ಬಾಯಲ್ಲಿದ್ದುದನ್ನೂ ಕಸಿಯುವ ಜಾತಿ. ಹೊಂಡದ ದಂಡೆಯ ಗುಡಿಕಟ್ಟೆಯ ಮೇಲೆ ಗಂಟುಗಳನ್ನು ಇಟ್ಟದ್ದೇ ತಡ, ಹಿಂಡು ಇಳಿಯಿತು. ತಾಯಿಯ ಗಂಟು ನೋಡನೋಡುತ್ತಲೇ ಚಿಂದಿಯಾಯಿತು. ದೊಡ್ಡದೊಂದು ಗಡವ ಮಂಗ ಕೆಂಪು ಗಂಟನ್ನು ಬಿಚ್ಚಿ, ಒಂದು ಹೋಳಿಗೆ ಎತ್ತಿ ಮೂಸಿತು. ಮತ್ತೆ ಅಲ್ಲೇ ಇಟ್ಟು ಹಿಂದಕ್ಕೆ ಸರಿಯಿತು. ಕಿರುಚಾಡುತ್ತಿದ್ದ ಹಿಂಡು ಸುಮ್ಮನಾಯಿತು. ಇಪ್ಪತ್ತರ ಮೇಲೆ ಮಂಗಗಳು ಹೋಳಿಗೆಯ ಸುತ್ತ ಕೂತು, ಅದನ್ನು ಬಿಟ್ಟು ನಮ್ಮನ್ನೇ ನೋಡತೊಡಗಿದವು.

“ಮಂಗ್ಯಾಗ ತಿಳೀತು ನೋಡ್ರಿ, ನಮಗ ತಿಳೀಲಿಲ್ಲ,” ಎಂದರು ತಾಯಿ.

ವಿಜ್ಞಾನದ ಮಾಸ್ತರ ಏನು ಹೇಳಿದ ಗೊತ್ತೇ? “ವೈನೀ, ಏನ್ ಹಾಕೀರಿ ಇದರಾಗ?”

“ಶೇಂಗಾ, ಬೆಲ್ಲ, ಯಾಲಕ್ಕಿ. ನಿಮ್ಮ ಮನಿ ಡಬ್ಬಿದಽ,” ಎಂದ ವೈನಿ ಮಂಗಗಳ ನಡುವೆಯೇ ಹೋಗಿ ಕೂತು ಒಂದು ಹೋಳಿಗೆ ತಿಂದರು. ನಮ್ಮ ಮುಖ ನೋಡುತ್ತ ಇನ್ನೊಂದು ತಿಂದರು. ಸುಧಾ ಕೈ ಚಾಚಿದಳು. ತಾಯಿ ಆ ಕೈಗೆ ಫಟ್ಟನೆ ಹೊಡೆದರು. ಅಣ್ಣ ನೀರು ನೋಡುತ್ತ ನಿಂತಿದ್ದ. ಅವನ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಸಂಜೆ ಅದೇ ದಾರಿಯಲ್ಲಿ ಹಿಂದಿರುಗಿದಾಗ ಉಳಿದ ಹೋಳಿಗೆಗಳು ಕಟ್ಟೆಯ ಮೇಲೆ ಹಾಗೆಯೇ ಇದ್ದವು. ಬೆಲ್ಲದ ಪದಾರ್ಥ, ಒಂದು ಇರುವೆಯೂ ಹತ್ತಿರಲಿಲ್ಲ. ವೈನಿಗೆ ಏನೂ ಆಗಲಿಲ್ಲ, ಹೊಟ್ಟೆನೋವು ಕೂಡ ಇಲ್ಲ. ಆದರೆ ಆ ದಿನದಿಂದ ಸುಧಾ ಅವರ ಕೈತುತ್ತು ತಿನ್ನದಂತೆ ತಾಯಿ ಕಾವಲು ಕೂತರು. ಮೂರು ತಿಂಗಳಿಗೆ ಅಣ್ಣ ಹುನಗುಂದಕ್ಕೆ ವರ್ಗ ಮಾಡಿಸಿಕೊಂಡ. ಮಗು ಅಜ್ಜಿಯ ಹತ್ತಿರವೇ ಇರಲೆಂದು ತೀರ್ಮಾನವಾಯಿತು. ಅಣ್ಣ, ವೈನಿ ಬಸ್ಸು ಹತ್ತುವಾಗ ಸುಧಾ ವೈನಿಯ ಸೆರಗು ಬಿಡಲೊಲ್ಲಳು. ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವನು ನಾನು.

ಆಮೇಲೆ ಎಷ್ಟೋ ಸಲ ಬದಾಮಿಗೆ ಹೋಗಿದ್ದೇನೆ. ಬೇಕೆಂದೇ ಶೇಂಗಾ ಹೋಳಿಗೆ ಒಯ್ದಿದ್ದೇನೆ. ಪ್ರತಿ ಸಲವೂ ಮಂಗಗಳು ಕಸಿದುಕೊಂಡು ತಿಂದಿವೆ. ಅಂದು ಎಣ್ಣೆಯ ವಾಸನೆ ಇದ್ದಿರಬೇಕೆಂದೆ, ಮಂಗಗಳ ಹೊಟ್ಟೆ ತುಂಬಿರಬೇಕೆಂದೆ. ಇರುವೆಗಳಿಗೆ ಏನು ಹೇಳಲಿ?

ವೈನಿ ತೀರಿಕೊಂಡು ನಾಲ್ಕು ವರ್ಷವಾದ ಮೇಲೆ, ಮೂರು ಮಕ್ಕಳ ತಾಯಿಯಾದ ಸುಧಾ ಮನೆಗೆ ಬಂದಿದ್ದಾಗ ಈ ಮಾತು ತೆಗೆದೆ.

“ಕಾಕಾ, ಆ ಹೋಳಿಗಿ ನಾ ತಿಂದಿದ್ದೆ. ನೀವು ರೈಲಿನ್ಯಾಗ ಮಲಗಿದಾಗ ಅವ್ವ ಎರಡು ಕೊಟ್ಟಿದ್ಲು. ಅಜ್ಜಿ ಹೊಡಿತಾಳಂತ ಹೇಳಲಿಲ್ಲ.”

“ಹೆಂಗಿತ್ತು?”

“ಭಾಳ ಚಲೋ ಇತ್ತು. ನೀವು ತಿಂದು ನೋಡ್ಲಿಲ್ಲೇನು?”

ಮಂಗಗಳು ಅಂದು ಯಾಕೆ ಮುಟ್ಟಲಿಲ್ಲವೋ ನನಗೆ ಈಗಲೂ ಗೊತ್ತಿಲ್ಲ. ಹೋಳಿಗೆ ಮಾತ್ರ ನನ್ನ ಕೈಗೆ ಎಟಕುವಷ್ಟು ಹತ್ತಿರವೇ ಇತ್ತು.