ನಾಲ್ಕು ಹಾಳೆ ಕತ್ತರಿಸಿದ್ದು

ಕಳೆದ ಭಾನುವಾರ ಮಗಳು ಒಂದು ದಪ್ಪ ಪುಸ್ತಕ ತಂದು ನನ್ನ ತೊಡೆಯ ಮೇಲಿಟ್ಟಳು. ಬಿಡಿಸಿ ನೋಡಿದರೆ ಪುಟದ ತುಂಬ ಚೌಕಗಳು, ಚೌಕದೊಳಗೆ ಚಿತ್ರ, ಚಿತ್ರದೊಳಗೆ ಮಾತು. ಈ ವಯಸ್ಸಿನಲ್ಲಿ ನನಗೆ ಕಾಮಿಕ್ಸ್ ಯಾಕಮ್ಮ ಎಂದೆ. "ಪಪ್ಪಾ, ಇದು ಬಚ್ಚಾ ಲೋಗ್‌ದು ಅಲ್ಲ. ದೊಡ್ಡವರದ್ದು, ಶಾರ್ಟ್ ಸ್ಟೋರೀಸ್. ಬಿಲ್ಕುಲ್ ನ್ಯೂ ಥಿಂಗ್," ಎಂದಳು. ಅವಳ ಕನ್ನಡವನ್ನು ನಾನು ಸಹಿಸಿಕೊಂಡು ಬಹಳ ವರ್ಷವಾಯಿತು. ಆದರೆ ಆ 'ನ್ಯೂ ಥಿಂಗ್' ಮಾತ್ರ ಕೆಣಕಿತು. ಹೊಸದಂತೆ, ಹೊಸದು! ಎಂಬತ್ತರ ದಶಕದಲ್ಲೇ ಮುಂಬಯಿಯ ಸಯನ್ನಿನ ನಮ್ಮ ಬಿಲ್ಡಿಂಗಿನಲ್ಲಿ ಅಂಥದೊಂದು ಪುಸ್ತಕವಿತ್ತು, ಅದೂ ಕನ್ನಡದಲ್ಲಿ. ಇದ್ದದ್ದು ಒಂದೇ ಪ್ರತಿ. ಅದನ್ನು ಹಾಳು ಮಾಡಿದವನ ತೊಡೆಯ ಮೇಲೆಯೇ ಅವಳು ಈ ಹೊಸದನ್ನು ಇಟ್ಟಿದ್ದಳು.

ಆ ಪುಸ್ತಕ ಮಾಡಿದವರು ಮೂರನೇ ಮಹಡಿಯ ನಾಗರಾಜರಾಯರು. ಮೈಸೂರಿನ ಕಡೆಯವರು, ಚೆಂಬೂರಿನ ಒಂದು ಕಂಪನಿಯಲ್ಲಿ ಡ್ರಾಫ್ಟ್ಸ್‌ಮನ್. ಹಗಲೆಲ್ಲ ಪೈಪು, ವಾಲ್ವು, ಟ್ಯಾಂಕುಗಳ ನಕ್ಷೆ ಬರೆದು, ಸಂಜೆ ಮನೆಗೆ ಬಂದು ಮನುಷ್ಯರನ್ನು ಬರೆಯುತ್ತಿದ್ದರು. ತೊಂದರೆ ಏನೆಂದರೆ ಅವರಿಗೆ ಮುಖ ಬರೆಯಲು ಬರುತ್ತಿರಲಿಲ್ಲ. ಮೂಗು ಬರೆಯಹೊರಟರೆ ಅದು ನಲ್ಲಿಯಾಗುತ್ತಿತ್ತು. ಆದ್ದರಿಂದ ಎಲ್ಲರನ್ನೂ ಬೆನ್ನ ಕಡೆಯಿಂದಲೋ ನೆತ್ತಿಯ ಮೇಲಿನಿಂದಲೋ ಬರೆದರು. ಮುಂಬಯಿಯಲ್ಲಿ ಇದರಿಂದ ನಷ್ಟವೇನಿಲ್ಲ. ಲೋಕಲ್‌ನಲ್ಲಿ ಓಡಾಡುವ ನಾವು ಒಬ್ಬರನ್ನೊಬ್ಬರು ನೋಡುವುದೇ ಬೆನ್ನ ಕಡೆಯಿಂದ.

ಎಂಟು ಸಣ್ಣ ಚಿತ್ರಕಥೆಗಳು. ಒಂದರಲ್ಲಿ ನಲ್ಲಿಗೆ ನೀರು ಬರುವ ನಲವತ್ತು ನಿಮಿಷ, ಅಷ್ಟೇ. ಇನ್ನೊಂದರಲ್ಲಿ ರೈಲಿನ ಬೆಂಚಿನ ತುದಿಯಲ್ಲಿ ಅರ್ಧ ಕುಂಡೆ ಊರಿ ಕೂತವನು ಇಪ್ಪತ್ತು ವರ್ಷ ಸರಿದು ಸರಿದು ಕಿಟಕಿ ತಲುಪುತ್ತಾನೆ. ತಲುಪಿದ ದಿನ ರಿಟೈರ್ ಆಗುತ್ತಾನೆ. ಪ್ರತಿ ಹಾಳೆಯ ಮೂಲೆಯಲ್ಲೂ ಆಫೀಸಿನ ನಕ್ಷೆಗಿರುವಂತೆ ಒಂದು ಚೌಕ: ಹಾಳೆಯ ನಂಬರು, ಅಳತೆ, ಬರೆದವರು, ಪರಿಶೀಲಿಸಿದವರು. ಕೊನೆಯ ಎರಡೂ ಅವರೇ. ಟ್ರೇಸಿಂಗ್ ಹಾಳೆಯ ಮೇಲೆ ಮಸಿಯಲ್ಲಿ ಬರೆದು, ನಕ್ಷೆಯ ನಕಲು ತೆಗೆಯುವ ಆಫೀಸಿನ ಅಮೋನಿಯಾ ಯಂತ್ರದಲ್ಲಿ ಪ್ರಿಂಟ್ ತೆಗೆದು, ಹೊಲಿದು ರಟ್ಟು ಹಾಕಿದ್ದರು. ರಟ್ಟಿನ ಮೇಲೆ 'ಮಕ್ಕಳಿಗಲ್ಲ' ಎಂದು ಬರೆದಿದ್ದರಿಂದ ಕೆಲವು ಗಂಡಸರು ಬಾಗಿಲು ಹಾಕಿಕೊಂಡು ಓದಿ ನಿರಾಶರಾದರೆಂದು ಕೇಳಿದ್ದೆ.

ನಮ್ಮ ಬಿಲ್ಡಿಂಗಿನ ಒಂಬತ್ತು ಕನ್ನಡ ಮನೆಗಳಿಗೆ ಒಂದು ಪದ್ಧತಿಯಿತ್ತು. ಊರಿನಿಂದ ಬರುವ ವಾರಪತ್ರಿಕೆಯ ರಟ್ಟಿಗೆ ಒಂಬತ್ತು ಹೆಸರಿನ ಚೀಟಿ ಅಂಟಿಸುವುದು. ಒಂದು ಮನೆಯಲ್ಲಿ ಎರಡು ದಿನ, ಹೆಸರಿನ ಮುಂದೆ ಗುರುತು ಹಾಕಿ ಮುಂದಿನ ಮನೆಗೆ. ರಾಯರ ಪುಸ್ತಕವೂ ಹಾಗೇ ಹೊರಟಿತು. ಚೀಟಿಯಲ್ಲಿ ನಮಗಿಂತ ಮುಂಚೆ ಇದ್ದದ್ದು ಎದುರು ಮನೆಯ ಪದ್ಮಕ್ಕ. ಉಡುಪಿ ಕಡೆಯವರು, ಕೈಯಲ್ಲಿ ಸದಾ ಕತ್ತರಿ. ಅಡಿಗೆ, ಹೆಣಿಗೆ ಏನೇ ಬರಲಿ ಕತ್ತರಿಸಿ ಇಟ್ಟುಕೊಳ್ಳುವರು. ಅವರ ಮನೆ ದಾಟಿ ಬಂದ ಪತ್ರಿಕೆಗೆ ಕಿಟಕಿಗಳಿರುತ್ತಿದ್ದವು. ಧಾರಾವಾಹಿಯ ನಾಯಕಿ ಸತ್ತಳೋ ಬದುಕಿದಳೋ ಗೊತ್ತಾಗದೆ ನನ್ನ ಹೆಂಡತಿ ಎಷ್ಟೋ ಸಲ ಒದ್ದಾಡಿದ್ದಾಳೆ, ಯಾಕೆಂದರೆ ಅದರ ಬೆನ್ನಿಗೆ ಹಲಸಿನ ಕಡುಬು ಅಚ್ಚಾಗಿರುತ್ತಿತ್ತು.

ಈಗ ನನ್ನ ವಿಷಯ. ಆಗ ನನ್ನ ಕೆಲಸ ಹೋಗಿ ಎರಡು ತಿಂಗಳಾಗಿತ್ತು. ಫೋರ್ಟಿನಲ್ಲಿದ್ದ ಆಫೀಸು ಬಾಗಿಲು ಹಾಕಿತ್ತು. ಹೆಂಡತಿಗೆ ಹೇಳಿರಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತ, ಆಫೀಸು ಮುಚ್ಚುವಾಗ ಕೊಟ್ಟ ಹಣವನ್ನೇ ಸಂಬಳವೆಂದು ಅವಳ ಕೈಗೆ ಕೊಡುತ್ತ, ದಿನಾ ಬೆಳಿಗ್ಗೆ ಡಬ್ಬಿ ಹಿಡಿದು ಹೊರಡುತ್ತಿದ್ದೆ. ನಮ್ಮವರೆಲ್ಲ ಕೆಲಸಕ್ಕೆ ಹೋಗುವುದು ದಕ್ಷಿಣಕ್ಕೆ, ಫೋರ್ಟಿನ ಕಡೆಗೆ. ನಾನು ಜಾಣತನದಿಂದ ಉತ್ತರಕ್ಕೆ ಒಂದೇ ಸ್ಟೇಷನ್ ಹೋಗಿ, ಕುರ್ಲಾದ ಹಾರ್ಬರ್ ಲೈನಿನ ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಸಂಜೆಯವರೆಗೆ ಕೂರುತ್ತಿದ್ದೆ. ಚೆಂಬೂರಿಗೆ ಹೋಗುವ ನಾಗರಾಜರಾಯರು ದಿನಾ ರೈಲು ಬದಲಿಸುವುದು ಅಲ್ಲೇ ಎಂಬುದು ನನ್ನ ಜಾಣತನಕ್ಕೆ ಹೊಳೆಯಲೇ ಇಲ್ಲ.

ಪದ್ಮಕ್ಕ ಪುಸ್ತಕ ಕೈಗೆ ಕೊಟ್ಟು, "ಚಂದ ಉಂಟು, ನೀವೇ ಮೊದಲು ಓದಿ," ಎಂದರು. ಓದಿದೆ. ಆರನೇ ಕಥೆ 'ರಜೆ'. ನಾಲ್ಕು ಹಾಳೆ, ಒಂದೂ ಮಾತಿಲ್ಲ. ಬೆಂಚಿನ ಮೇಲೆ ಒಬ್ಬನ ಬೆನ್ನು. ರೈಲು ಬರುತ್ತದೆ, ಹೋಗುತ್ತದೆ. ಅವನು ಡಬ್ಬಿ ಬಿಚ್ಚಿ ತಿಂದು, ಡಬ್ಬಿ ಒರೆಸಿ, ಮತ್ತೆ ಕೂರುತ್ತಾನೆ. ನನ್ನ ಅಂಗಿಯ ಸವೆದ ಕಾಲರನ್ನು ಹೆಂಡತಿ ಬಿಚ್ಚಿ, ಮಗುಚಿ, ಕಪ್ಪು ದಾರದಲ್ಲಿ ಹೊಲಿದಿದ್ದಳು. ರಾಯರು ಆ ಮೂರು ಓರೆ ಹೊಲಿಗೆಗಳನ್ನೂ ಅಳತೆ ತಪ್ಪದೆ ಬರೆದಿದ್ದರು. ಹೆಂಡತಿಗೆ ಕಾಣದಂತೆ ಪುಸ್ತಕವನ್ನು ಹಾಸಿಗೆಯಡಿ ತಳ್ಳಿದೆ. ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಶೇವಿಂಗ್ ಬ್ಲೇಡಿನಿಂದ ನಾಲ್ಕೂ ಹಾಳೆ ಕತ್ತರಿಸಿ, ಕುರ್ಲಾದ ಕಸದ ಡಬ್ಬಿಗೆ ಹಾಕಿದೆ.

ಹೆಂಡತಿ ಉಳಿದದ್ದನ್ನು ಓದಿ ನಕ್ಕಳು. ಪುಸ್ತಕ ಮುಂದೆ ಹೋಯಿತು. ಹಾಳೆಗೆಲ್ಲ ನಂಬರು ಇತ್ತಲ್ಲ, ಮುಂದಿನ ಮನೆಯಲ್ಲೇ ಕಳವು ಗೊತ್ತಾಯಿತು. ಯಾರು ಎಂದು ಯಾರೂ ಕೇಳಲಿಲ್ಲ, ಎಲ್ಲರೂ ಪದ್ಮಕ್ಕನ ಬಾಗಿಲ ಕಡೆ ನೋಡಿದರು. ಅವರು, "ಪುನಃ ಪ್ರಿಂಟ್ ತೆಗೀಲಿಕ್ಕೆ ಆಗ್ತದಲ್ಲ, ತೆಗೀಲಿ," ಎಂದಷ್ಟೇ ಹೇಳಿದರು. ಮುಂದಿನ ವಾರದ ಚೀಟಿಯಲ್ಲಿ ಅವರ ಹೆಸರು ಎರಡನೆಯದರಿಂದ ಒಂಬತ್ತನೆಯದಕ್ಕೆ ಹೋಗಿತ್ತು. ನಾನು ಆ ಚೀಟಿಯಲ್ಲಿ ಮೂರರಿಂದ ಎರಡಕ್ಕೆ ಬಡ್ತಿ ಪಡೆದು, ಗುರುತು ಹಾಕಿ, ಸುಮ್ಮನಿದ್ದೆ.

ರಾಯರು ಸಾಧು ಮನುಷ್ಯ. ಬೆಂಚಿನವನು ಯಾರೆಂದು ಅವರಿಗೆ ಗೊತ್ತಿರಲಿಲ್ಲ, ಅವರು ನೋಡಿದ್ದು ಬೆನ್ನನ್ನು ಮಾತ್ರ. "ಅದೊಂದೇ ಕಥೆ ಹೋಗಿದೆ ಅಂದ್ರೆ ಯಾರಿಗೋ ನೋವಾಗಿರ್ಬೇಕು, ಆ ಮನುಷ್ಯನ್ನೇ ತೆಗೆದುಬಿಡ್ತೀನಿ," ಎಂದು ಟ್ರೇಸಿಂಗ್ ಮೇಲಿನ ಮಸಿ ಕೆರೆದು, ಹೊಸ ಪ್ರಿಂಟ್ ತೆಗೆದು ಸೇರಿಸಿ, ಪುಸ್ತಕವನ್ನು ಮತ್ತೆ ಮನೆಮನೆಗೆ ಕಳಿಸಿದರು. ಆದರೆ ಕಸುಬಿನ ಚಾಳಿ ಎಲ್ಲಿ ಹೋಗುತ್ತದೆ? ನಕ್ಷೆಯಲ್ಲಿ ಏನೇ ಬದಲಾಯಿಸಿದರೂ ಆ ಜಾಗದ ಸುತ್ತ ಮೋಡದಂಥ ಗೆರೆ ಎಳೆಯಬೇಕು, ಮೂಲೆಯಲ್ಲಿ ಕಾರಣ ಬರೆಯಬೇಕು. ನಾಲ್ಕೂ ಹಾಳೆಯಲ್ಲಿ ಖಾಲಿ ಬೆಂಚು, ಬೆಂಚಿನ ಸುತ್ತ ದಪ್ಪ ಮೋಡ, ಮೂಲೆಯಲ್ಲಿ ಸ್ಪಷ್ಟವಾಗಿ: 'ತಿದ್ದುಪಡಿ 1: ಮನುಷ್ಯನನ್ನು ತೆಗೆಯಲಾಗಿದೆ.'

ಇಡೀ ಬಿಲ್ಡಿಂಗು ಆ ಮೋಡದೊಳಗೆ ಇಣುಕಿತು. ಕೆರೆದ ಮಸಿ ಪೂರ್ತಿ ಹೋಗುವುದಿಲ್ಲ, ಪ್ರಿಂಟಿನಲ್ಲಿ ಮಸುಕಾಗಿ ಉಳಿಯುತ್ತದೆ. ನನ್ನ ಹೆಂಡತಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ನನ್ನ ಹಿಂದೆ ಬಂದು ನಿಂತು ಕಾಲರನ್ನು ನೋಡಿದಳು.

"ಎಷ್ಟು ದಿನದಿಂದ?"

"ಮೂರು ತಿಂಗಳಾಗ್ತಾ ಬಂತು."

ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಕಾಲರನ್ನು ಸರಿಮಾಡುತ್ತ, "ಅಲ್ಲಿ ನೆರಳಾದ್ರೂ ಇತ್ತೇನ್ರೀ?" ಎಂದಳು. ಅತ್ತದ್ದು ನಾನು.

ಮರುದಿನದಿಂದ ಇಬ್ಬರೂ ಸೇರಿ ಅರ್ಜಿ ಬರೆಯತೊಡಗಿದೆವು. ಮರುತಿಂಗಳು ಚೆಂಬೂರಿನ ಒಂದು ಗೋಡೌನಿನಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ಎಲ್ಲ ಹೇಳಿದೆ, ಬ್ಲೇಡಿನದೊಂದು ಬಿಟ್ಟು. ಅವಳೂ ಕೇಳಲಿಲ್ಲ. ನಾವು ಆ ಬಿಲ್ಡಿಂಗ್ ಬಿಡುವವರೆಗೆ, ಅಂದರೆ ಇನ್ನೂ ಐದು ವರ್ಷ, ಪದ್ಮಕ್ಕನ ಹೆಸರು ಒಂಬತ್ತನೆಯದಾಗಿಯೇ ಉಳಿಯಿತು. ಯುಗಾದಿ ವಿಶೇಷಾಂಕ ಅವರ ಕೈ ಸೇರುವಾಗ ಮಾವಿನಹಣ್ಣು ಬಂದಿರುತ್ತಿತ್ತು.

ಇದಿಷ್ಟನ್ನೂ ಭಾನುವಾರ ಮಗಳಿಗೆ ಹೇಳಿದೆ. ರಾಯರ ಕೈಚಳಕಕ್ಕೆ ಅವಳು ವಾಹ್ ಎನ್ನಲಿ ಎಂಬುದು ನನ್ನ ಉದ್ದೇಶ. ಅವಳು, "ಔರ್ ಪದ್ಮಾ ಆಂಟಿ? ಅವರಿಗೆ ಸಾರಿ ಬೋಲಾ ಕಿ ನಹೀ?" ಎಂದಳು. ಹೆಂಡತಿ ಸಾಂತಾಕ್ರೂಜ್‌ನಲ್ಲಿ ಮಗನ ಮನೆಯಲ್ಲಿರುವ ಪದ್ಮಕ್ಕನ ನಂಬರು ಒತ್ತಿ ಫೋನನ್ನು ನನ್ನ ಕೈಗಿಟ್ಟಳು. ಎಂಬತ್ತು ದಾಟಿದ ದನಿ, ಆದರೆ ಗಟ್ಟಿ.

"ಪದ್ಮಕ್ಕ, ಆ ಹಾಳೆ ಕತ್ತರಿಸಿದ್ದು ನಾನು."

"ಗೊತ್ತುಂಟಲ್ಲ. ಪುಸ್ತಕ ನಿಮ್ಮ ಕೈಗೆ ಕೊಟ್ಟವಳು ನಾನೇ ಅಲ್ವಾ? ಆಗ ಎಲ್ಲ ಇತ್ತು, ನಿಮ್ಮ ಕಾಲರಿನ ಹೊಲಿಗೆ ಸಮೇತ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅದ್ರಲ್ಲಿ ಎಂತ ಇತ್ತು ಅಂತ ನಿಮ್ಮ ಹೆಂಡ್ತಿ ಕೇಳ್ತಿರ್ಲಿಲ್ವಾ?"

"ಅವಳಿಗೆ ಗೊತ್ತಾದ ಮೇಲಾದ್ರೂ ಹೇಳ್ಬಹುದಿತ್ತು."

"ಅದು ನೀವು ಹೇಳ್ಬೇಕಾದ್ದು, ಮಾರಾಯ್ರೆ," ಎಂದರು ಪದ್ಮಕ್ಕ. "ಹೇಗೂ ಪತ್ರಿಕೆಗೆ ಕಾಯ್ತಿದ್ದೆನಲ್ಲ. ಅದರ ಜೊತೆ ಇದಕ್ಕೂ ಕಾದೆ."